ಮಾಜಿ ಅಧ್ಯಕ್ಷರ ಏಳು ಕಣಿವೆಗಳು

ಸುಳ್ಯದ ಮೇಲಿನ ಪೇಟೆ ವರ್ತಕರ ಬಳಗಕ್ಕೆ ಹದಿನಾರು ವರ್ಷ ಅಧ್ಯಕ್ಷರಾಗಿದ್ದ ಆದಂ ಕುಂಞಿ ಹಾಜಿಯವರು ಈ ಸಲದ ಚುನಾವಣೆಯಲ್ಲಿ ಒಂದೇ ಒಂದು ಮತದಿಂದ ಸೋತರು. ಸೋತದ್ದು ಬೇಕರಿಯ ಹಕೀಮನ ಎದುರು. ಪಪ್ಸ್ ಮಾಡುವುದನ್ನು ಬಿಟ್ಟರೆ ಹಕೀಮನಿಗೆ ಬೇರೇನು ಅರ್ಹತೆ ಇದೆ ಎಂಬುದು ಹಾಜಿಯವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಅದುವರೆಗೆ ಬಳಗದಲ್ಲಿ ಚುನಾವಣೆ ಎಂಬುದೇ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಮಹಾಸಭೆ ಸೇರುತ್ತಿತ್ತು. ಯಾರಾದರೊಬ್ಬರು ಎದ್ದು "ಹಾಜಿಯವರೇ ಮುಂದುವರಿಯಲಿ" ಎನ್ನುತ್ತಿದ್ದರು. ಉಳಿದವರು ಚಹಾ ಬರುವ ಬಾಗಿಲ ಕಡೆ ನೋಡುತ್ತಾ ಚಪ್ಪಾಳೆ ತಟ್ಟುತ್ತಿದ್ದರು. ಹಾಜಿಯವರು ಬೇಡ ಬೇಡವೆಂದು ಹೇಳುತ್ತಾ, ಅಷ್ಟರಲ್ಲೇ ಕುರ್ಚಿಯನ್ನು ಮುಂದಕ್ಕೆಳೆದು ಕುಳಿತುಕೊಳ್ಳುತ್ತಿದ್ದರು. ಇಷ್ಟು ಸುಸೂತ್ರವಾಗಿ ನಡೆದುಕೊಂಡು ಬಂದ ಪ್ರಜಾಪ್ರಭುತ್ವವನ್ನು ಹಕೀಮನು ಚೀಟಿ, ಡಬ್ಬಿ, ಎಣಿಕೆ ಎಂದು ಹೇಳಿ ಕೆಡಿಸಿಬಿಟ್ಟ.

ಸೋತ ಮೇಲೆ ಹಾಜಿಯವರು ಅಂಗಡಿಗೆ ಹೋಗುವುದನ್ನು ಬಿಟ್ಟರು. ಅಂಗಡಿಯೆಂದರೆ ಚಪ್ಪಲಿ ಮತ್ತು ಕೊಡೆಗಳದ್ದು. ಅದನ್ನು ಮಗ ರಿಯಾಝ್ ನೋಡಿಕೊಳ್ಳುತ್ತಿದ್ದ. ಪೇಟೆಯಲ್ಲಿ ಕಂಡವರೆಲ್ಲ "ಛೆ, ಹೀಗಾಗಬಾರದಿತ್ತು ಹಾಜಿಯವರೇ, ನನ್ನ ಓಟಂತೂ ನಿಮಗೇ" ಎನ್ನುತ್ತಿದ್ದರು. ಹಾಗೆ ಹೇಳಿದವರನ್ನೆಲ್ಲ ಕೂಡಿಸಿ ನೋಡಿದರೆ ಹಾಜಿಯವರು ಭರ್ಜರಿ ಬಹುಮತದಿಂದ ಗೆದ್ದಿರಬೇಕಿತ್ತು. ಅದಕ್ಕೇ ಅವರಿಗೆ ಪೇಟೆಯ ಮುಖ ನೋಡುವುದೇ ಬೇಡವಾಗಿ, ಮನೆಯಲ್ಲಿಯೇ ಉಳಿದರು.

ಮನೆಯಲ್ಲಿ ಉಳಿದವರು ಸುಮ್ಮನೆ ಉಳಿದರೇ? ಅಧ್ಯಕ್ಷತೆ ವಹಿಸಲು ಬೇರೇನೂ ಸಿಗದೆ ಅಡುಗೆಮನೆಯ ಅಧ್ಯಕ್ಷತೆ ವಹಿಸಿದರು. ಮೀನನ್ನು ಯಾವ ಕಡೆಯಿಂದ ಕೊಯ್ಯಬೇಕು, ತೆಂಗಿನಕಾಯಿ ಎಷ್ಟು ಹೊತ್ತು ರುಬ್ಬಬೇಕು, ಕುಕ್ಕರ್ ಎಷ್ಟು ಕೂಗಿದ ಮೇಲೆ ಇಳಿಸಬೇಕು ಎಂಬ ಬಗ್ಗೆ ಬಾಗಿಲಲ್ಲಿ ನಿಂತು ಮಾರ್ಗದರ್ಶನ ಮಾಡತೊಡಗಿದರು. ನಲವತ್ತು ವರ್ಷದಿಂದ ಅವರಿಗೆ ಅನ್ನ ಬಡಿಸುತ್ತಿದ್ದ ಹೆಂಡತಿ ಝೈನಬ ನಾಲ್ಕು ದಿನ ಸಹಿಸಿಕೊಂಡರು. ಐದನೆಯ ದಿನ ಸೌಟು ಕೆಳಗಿಟ್ಟು ಹೇಳಿದರು: "ನೋಡಿ, ಇಲ್ಲಿ ಚುನಾವಣೆ ಆಗುದಿಲ್ಲ. ಇಲ್ಲಿ ನಾನೇ. ನೀವು ಸದಸ್ಯರೂ ಅಲ್ಲ."

ಆ ಹೊತ್ತಿಗೆ ಸರಿಯಾಗಿ ಮಾಳಿಗೆಯಿಂದ ಮಗಳು ಮುಹ್ಸಿನಾ ಇಳಿದು ಬಂದಳು. ಅವಳ ಗಂಡ ಮಶೂದ್ ಅಬುಧಾಬಿಯಲ್ಲಿದ್ದ. ಅವಳು ತಂದೆಯ ಮನೆಯ ಮಾಳಿಗೆಯಲ್ಲಿ ಕುಳಿತು, ಕಂಪ್ಯೂಟರ್ ಆಟ ತಯಾರಿಸುವ ಒಂದು ಕಂಪನಿಗೆ ಕೆಲಸ ಮಾಡುತ್ತಿದ್ದಳು. ಆಟಗಳು ಮಾರುಕಟ್ಟೆಗೆ ಬರುವ ಮೊದಲು ಆಡಿ, ಎಲ್ಲಿ ಏನು ತಪ್ಪಿದೆ ಎಂದು ಹುಡುಕಿ ಕೊಡುವುದು ಅವಳ ಕೆಲಸ. ಮಗಳು ಹಗಲೆಲ್ಲ ಆಟವಾಡಿದ್ದಕ್ಕೆ ಸಂಬಳ ಬರುತ್ತದೆ ಎಂಬುದನ್ನು ಹಾಜಿಯವರು ಬಹಳ ಕಾಲ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ "ಅವಳು ಕಂಪ್ಯೂಟರಿನಲ್ಲಿ" ಎಂದು ಹೇಳಿ ಮಾತು ಬದಲಿಸುತ್ತಿದ್ದರು.

"ಉಮ್ಮ, ಕಂಪನಿಯವರಿಗೆ ಒಬ್ಬರು ಜನ ಬೇಕಂತೆ," ಎಂದಳು ಮುಹ್ಸಿನಾ. "ಅರುವತ್ತು ದಾಟಿರ್ಬೇಕು, ಜನ್ಮದಲ್ಲಿ ಕಂಪ್ಯೂಟರ್ ಆಟ ಆಡಿರ್ಬಾರದು. ಹೊಸ ಆಟ ಆಡಿ ಮೊದಲ ಅನಿಸಿಕೆ ಎಂತ ಅಂತ ಹೇಳ್ಬೇಕು. ಆಡುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಇರ್ಬೇಕು, ಅದು ರೆಕಾರ್ಡ್ ಆಗ್ತದೆ."

"ಮನಸ್ಸಿಗೆ ಬಂದದ್ದನ್ನೆಲ್ಲ ಹೇಳ್ಬೇಕಾ?" ಝೈನಬ ಗಂಡನ ಮುಖ ನೋಡಿದರು. "ಕರ್ಕೊಂಡು ಹೋಗು. ಈಗಲೇ ಕರ್ಕೊಂಡು ಹೋಗು."

ಹಾಜಿಯವರು ಮೊದಲು ಒಪ್ಪಲಿಲ್ಲ. ಒಬ್ಬ ಮಾಜಿ ಅಧ್ಯಕ್ಷ ಮಕ್ಕಳ ಆಟಕ್ಕೆ ಕುಳಿತುಕೊಳ್ಳುವುದೇ? ಆದರೆ ಆಟದಲ್ಲಿ ತಾನು ಒಬ್ಬ ರಾಜನಾಗಬೇಕು, ಒಂದು ರಾಜ್ಯವನ್ನು ನಡೆಸಬೇಕು ಎಂದು ತಿಳಿದ ಮೇಲೆ, ಮಗಳ ಕೆಲಸಕ್ಕೆ ಸಹಾಯ ಮಾಡುವುದು ತಂದೆಯ ಧರ್ಮ ಎಂದು ಅವರಿಗೆ ಥಟ್ಟನೆ ಹೊಳೆಯಿತು.

ಆಟದ ಹೆಸರು ‘ಏಳು ಕಣಿವೆಗಳ ಕಿರೀಟ’. ಪರದೆಯ ಮೇಲೆ ಮಂಜು ಕವಿದ ಬೆಟ್ಟಗಳು ಬಂದವು. ಯಾವುದೋ ಹೆಂಗಸು ಅರ್ಥವಾಗದ ಭಾಷೆಯಲ್ಲಿ ದುಃಖದಿಂದ ಹಾಡಿದಳು. ಬೆಂಕಿಯುಗುಳುವ ಹಾವಿನಂಥದ್ದೊಂದು ರೆಕ್ಕೆ ಬಡಿದುಕೊಂಡು ಹಾರಿಹೋಯಿತು.

"ಉಪ್ಪ, ಎಂತ ಅನಿಸ್ತದೆ? ಹೇಳಿ," ಎಂದಳು ಮುಹ್ಸಿನಾ.

"ಜಾಗ ಕಲ್ಮಕಾರಿನ ಹಾಗೆ ಉಂಟು," ಎಂದರು ಹಾಜಿಯವರು. "ರಸ್ತೆ ಅಲ್ಲಿಯೂ ಮಾಡ್ಲಿಲ್ಲ ಇವರು."

ಆಟವನ್ನು ಕನ್ನಡಕ್ಕೆ ತಂದಿದ್ದರು. ತಂದವರು ಯಾರೋ ಏನೋ, ಕನ್ನಡವನ್ನು ದೂರದಿಂದ ಕಂಡು ಗೊತ್ತಿದ್ದವರಿರಬೇಕು. ಚಿನ್ನದ ಗಣಿಯ ಮೇಲೆ ಕೈಯಿಟ್ಟರೆ ‘ಚಿನ್ನ ನನ್ನದು’ ಎಂದು ಬರುತ್ತಿತ್ತು. ಕುದುರೆ ಪಡೆ ಶತ್ರುವಿನ ಮೇಲೆ ನುಗ್ಗುವ ಗುಂಡಿಯ ಮೇಲೆ ‘ಅಶ್ವ ಶುಲ್ಕ ವಿಧಿಸಿ’ ಎಂದು ಬರೆದಿತ್ತು.

"ಇವನು ಪ್ರಾಮಾಣಿಕ," ಎಂದರು ಹಾಜಿಯವರು ಗಣಿಯನ್ನು ತೋರಿಸಿ. "ನನ್ನದು ಅಂತ ಬೋರ್ಡು ಹಾಕಿಯೇ ತಿಂತಾನೆ. ಈ ಕುದುರೆ ಶುಲ್ಕ ಯಾರು ಕಟ್ಟುದು? ನಾವಾ, ಪಂಚಾಯತಾ?"

"ಅದು ಚಾರ್ಜ್ ಮಾಡುದು ಉಪ್ಪ, ನುಗ್ಗುದು. ಶುಲ್ಕ ಅಂತ ಮಾಡಿಟ್ಟಿದ್ದಾರೆ. ಗಣಿಗೆ ಇಂಗ್ಲಿಷಿನಲ್ಲಿ ಮೈನ್ ಅಂತಾರೆ, ಅದನ್ನು ನನ್ನದು ಅಂತ ಮಾಡಿದ್ದಾರೆ. ನಾನು ಬರ್ಕೊಂಡೆ, ನೀವು ಮುಂದೆ ಹೋಗಿ."

ಕೆಳಗೆ ಮೂಲೆಯಲ್ಲಿ ದೊಡ್ಡದೊಂದು ಗುಂಡಿ: ‘ತಿರುವು ಅಂತ್ಯ’.

"ಇದು ಎಂತ ತಿರುವು? ಸಂಪಾಜೆ ಘಾಟಿಯದ್ದಾ?"

ಮುಹ್ಸಿನಾ ನಗು ತಡೆದುಕೊಂಡು ವಿವರಿಸಿದಳು. ಈ ಆಟದಲ್ಲಿ ಎಲ್ಲರೂ ಒಟ್ಟಿಗೆ ಹೊಡೆದಾಡುವುದಿಲ್ಲ. ಮೊದಲು ನಮ್ಮ ಸರದಿ. ಕೋಟೆ ಕಟ್ಟುವುದು, ಸೈನ್ಯ ನಡೆಸುವುದು, ಮಂತ್ರಿಗಳ ಹತ್ತಿರ ಮಾತಾಡುವುದು, ಏನು ಬೇಕೋ ಮಾಡಿ ಈ ಗುಂಡಿ ಒತ್ತಬೇಕು. ಆಮೇಲೆ ಶತ್ರುವಿನ ಸರದಿ. ಅವನು ಮಾಡುವುದನ್ನೆಲ್ಲ ಮಾಡಿ ಮುಗಿಸುವವರೆಗೆ ನಾವು ಕಾಯಬೇಕು.

ಹಾಜಿಯವರಿಗೆ ನಂಬಿಕೆ ಬರಲಿಲ್ಲ. "ಅಂದ್ರೆ ನಾನು ಅವನ ಮನೆಗೆ ಹೋಗಿ ಹೊಡೆಯುವಾಗ ಅವನು ಕೈ ಕಟ್ಟಿ ನಿಲ್ತಾನಾ? ಮತ್ತೆ ಅವನು ಬಂದು ಹೊಡೆಯುವಾಗ ನಾನು ನಿಲ್ಲುದಾ? ಇಷ್ಟು ಮರ್ಯಾದೆಯ ಜನ ಹೊಡೆದಾಡುದು ಯಾಕೆ ಮಾರಾಯ್ತಿ? ಚಹಾ ಕುಡಿದು ಮಾತಾಡಿದ್ರೆ ಆಗುದಿಲ್ವಾ?"

ಅದೂ ರೆಕಾರ್ಡ್ ಆಯಿತು.

ರಾಜನ ಆಸ್ಥಾನ ತೆರೆಯಿತು. ಉದ್ದ ಗಡ್ಡದ ಒಬ್ಬ ಮಂತ್ರವಾದಿ, ಸೊಂಟದಷ್ಟೇ ಎತ್ತರದ ಒಬ್ಬ ಖಜಾಂಚಿ, ಚೂಪು ಕಿವಿಯ ಒಬ್ಬ ದಂಡನಾಯಕ. ದಂಡನಾಯಕನ ಹೆಸರು ಓರಿಂದಿಲ್. ಬಿಳಿ ಮೀಸೆ, ಹೆಗಲ ಮೇಲೆ ಶಾಲು, ಮಾತಿಗೆ ಮೊದಲು ಒಮ್ಮೆ ನೆಲ ನೋಡುವ ಅಭ್ಯಾಸ. ಹಾಜಿಯವರಿಗೆ ಕಂಡಕೂಡಲೇ ಗುರುತಾಯಿತು: ಇದು ನಮ್ಮ ಗೌರೀಶಂಕರ! ಗೌರೀಶಂಕರರು ಮೇಲಿನ ಪೇಟೆಯಲ್ಲಿ ಪುಸ್ತಕ, ಪೆನ್ನು, ಡ್ರಾಯಿಂಗ್ ಶೀಟು ಮಾರುವವರು. ಹಾಜಿಯವರ ಹದಿನಾರು ವರ್ಷಗಳ ಉಪಾಧ್ಯಕ್ಷರು. ಚೂಪು ಕಿವಿ ಮತ್ತು ಇಲ್ಲದ ಕನ್ನಡಕ ಬಿಟ್ಟರೆ ಉಳಿದದ್ದೆಲ್ಲ ಹಾಗೆಯೇ.

ದಂಡನಾಯಕ ನೆಲ ನೋಡಿ, ಕೆಮ್ಮಿ, ಬಾಯಿ ತೆರೆದ. "ಪ್ರಭುವೇ, ಉತ್ತರದ ಕೋಟೆಯಲ್ಲಿ ಕಾವಲಿರುವ ನನ್ನ ಜನ..."

ಅಷ್ಟರಲ್ಲಿ ಹಾಜಿಯವರ ಕಣ್ಣಿಗೆ ಅವನ ತಲೆಯ ಮೇಲಿದ್ದ ಚಿಕ್ಕ ಗುಂಡಿ ಬಿತ್ತು. ‘ಮಾತು ಬಿಟ್ಟು ಮುಂದೆ’. ಒತ್ತಿದರು. ದಂಡನಾಯಕ ಬಾಯಿ ಮುಚ್ಚಿ, ತಲೆ ಬಾಗಿಸಿ ಹಿಂದೆ ಸರಿದ.

ಹಾಜಿಯವರ ಮುಖ ಅರಳಿತು. ಸೋತ ದಿನದಿಂದ ಮುಹ್ಸಿನಾ ಕಾಣದಿದ್ದ ಅರಳುವಿಕೆ ಅದು. "ಇದು ಒಳ್ಳೆಯದುಂಟು! ಇಷ್ಟು ಒಳ್ಳೆಯ ಸಾಮಾನು ನಮ್ಮ ಸಭೆಗೆ ಯಾಕೆ ಬರ್ಲಿಲ್ಲ?"

ಅಂದಿನಿಂದ ಹಾಜಿಯವರು ದಿನಾ ಮಧ್ಯಾಹ್ನದ ನಮಾಝು, ಊಟ ಮುಗಿಸಿ ಮಾಳಿಗೆ ಹತ್ತತೊಡಗಿದರು. ಅಡುಗೆಮನೆ ಸ್ವತಂತ್ರವಾಯಿತು. ಏಳು ಕಣಿವೆಗಳು ಹಾಜಿಯವರ ಆಡಳಿತಕ್ಕೆ ಬಂದವು.

ಆಡಳಿತವೆಂದರೆ ಅವರಿಗೆ ಗೊತ್ತಿದ್ದದ್ದು ಒಂದೇ ಬಗೆ. ಮೊದಲ ಕೆಲಸವಾಗಿ ರಾಜಧಾನಿಯ ಬಾಗಿಲಿಗೆ ಒಂದು ಮಹಾದ್ವಾರ ಕಟ್ಟಿಸಿದರು. ಆಮೇಲೆ ಅದರ ಮೇಲೆ ಸಿಂಹಗಳನ್ನು ಕೂರಿಸಿದರು. ಖಜಾಂಚಿ ಏನೋ ಹೇಳಲು ಬಂದ. ಮಾತು ಬಿಟ್ಟು ಮುಂದೆ. ಮಂತ್ರವಾದಿ ಆಕಾಶದಲ್ಲಿ ಕಂಡ ಅಪಶಕುನದ ಸುದ್ದಿ ತಂದ; ಮಾತು ಬಿಟ್ಟು ಮುಂದೆ. ದಂಡನಾಯಕನಂತೂ ಪ್ರತಿ ಸರದಿಗೂ ಬಂದು ನಿಲ್ಲುತ್ತಿದ್ದ. "ಪ್ರಭುವೇ, ಉತ್ತರದ..." ಎನ್ನುವಷ್ಟರಲ್ಲಿ ಹಾಜಿಯವರ ಬೆರಳು ತನ್ನಷ್ಟಕ್ಕೆ ಹೋಗಿ ಕುಳಿತುಕೊಳ್ಳುತ್ತಿತ್ತು.

"ಉಪ್ಪ, ಒಮ್ಮೆ ಕೇಳಿ ನೋಡಿ," ಎಂದಳು ಮುಹ್ಸಿನಾ.

"ಕೇಳ್ಲಿಕ್ಕೆ ಎಂತ ಉಂಟು? ನನಗೆ ಇವನ ಮುಖ ನೋಡಿದ್ರೆ ಗೊತ್ತಾಗ್ತದೆ. ಒಂದು ವಿಷಯ ಹಿಡಿದ್ರೆ ಬಿಡುವವ ಅಲ್ಲ."

ಒಂದು ದಿನ ಪರದೆಯ ಮೇಲೆ ಕೆಂಪು ಅಕ್ಷರ ಬಂತು: ‘ನಿಮ್ಮ ಸೈನಿಕರ ನೈತಿಕತೆ ತೀರಾ ಕಡಿಮೆಯಾಗಿದೆ.’

ಹಾಜಿಯವರು ಕೆರಳಿದರು. "ನನ್ನ ಜನರ ನೈತಿಕತೆಯ ವಿಷಯ ಇವರಿಗೆ ಯಾಕೆ? ಅವರು ಎಂತ ಮಾಡಿದ್ರಂತೆ?"

"ಹುಮ್ಮಸ್ಸು ಅಂತ ಇರ್ಬೇಕಿತ್ತು ಉಪ್ಪ. ಸೈನಿಕರಿಗೆ ಹುಮ್ಮಸ್ಸಿಲ್ಲ ಅಂತ."

"ಮಹಾದ್ವಾರ ಕಟ್ಟಿಸಿ ಕೊಟ್ಟಿದ್ದೇನೆ. ಸಿಂಹ ಉಂಟು. ಇನ್ನೆಂತ ಹುಮ್ಮಸ್ಸು ಬೇಕು?"

ಉತ್ತರದ ಗಡಿಯಾಚೆ ಒಬ್ಬ ರಾಕ್ಷಸ ದೊರೆಯಿದ್ದ. ಹೊಟ್ಟೆ ದೊಡ್ಡದು, ನಗು ಇನ್ನೂ ದೊಡ್ಡದು. ಹಾಜಿಯವರು ಅವನಿಗೆ ಹಕೀಮ ಎಂದು ಹೆಸರಿಟ್ಟರು. ಹಕೀಮನನ್ನು ಸೋಲಿಸಲು ಭಾರೀ ದಂಡಯಾತ್ರೆಯೊಂದನ್ನು ಸಜ್ಜುಗೊಳಿಸಿ, ದಂಡನಾಯಕನನ್ನೇ ಅದರ ಮುಂದಾಳಾಗಿ ಕಳಿಸಿ, ತಿರುವು ಅಂತ್ಯಗೊಳಿಸಿ, ಕೈ ಕಟ್ಟಿ ಕುಳಿತರು.

ದಂಡನಾಯಕ ಓರಿಂದಿಲ್ ಗಡಿಯವರೆಗೆ ಹೋದ. ಅಲ್ಲಿ ನಿಂತು ಹೆಗಲ ಶಾಲು ತೆಗೆದು, ಮಡಚಿ, ಒಂದು ಕಲ್ಲಿನ ಮೇಲಿಟ್ಟ. ಆಮೇಲೆ ಅರ್ಧ ಸೈನ್ಯವನ್ನು ಕರೆದುಕೊಂಡು ರಾಕ್ಷಸ ದೊರೆಯ ಕಡೆಗೆ ನಡೆದುಬಿಟ್ಟ. ಉತ್ತರದ ಕೋಟೆ ಒಂದು ಬಾಣವನ್ನೂ ಬಿಡದೆ ಬಿದ್ದಿತು.

ಹಾಜಿಯವರು ಕುರ್ಚಿಯಿಂದ ಎದ್ದೇಬಿಟ್ಟರು. "ಇದು ಮೋಸ! ಇದು ಆಟದ್ದೇ ತಪ್ಪು! ನನ್ನದೇ ಜನ ನನ್ನನ್ನು ಬಿಟ್ಟು ಹೋಗುದು ಅಂದ್ರೆ ಎಂತ? ಬರ್ಕೋ, ಇದು ದೊಡ್ಡ ದೋಷ!"

ಮುಹ್ಸಿನಾಳಿಗೂ ಉತ್ಸಾಹ ಬಂತು. ದೋಷ ಸಿಕ್ಕಿದರೆ ಸಂತೋಷಪಡುವ ಕೆಲಸ ಜಗತ್ತಿನಲ್ಲಿ ಬಹಳ ಇಲ್ಲ, ಅವಳದು ಅದರಲ್ಲೊಂದು. ಅವಳು ಹಿಂದೆ ಉಳಿಸಿಟ್ಟಿದ್ದ ಜಾಗದಿಂದ ಆಟವನ್ನು ಮತ್ತೆ ತೆರೆದು, ತಂದೆಯ ಕೈಯಿಂದ ಮೌಸನ್ನು ತೆಗೆದುಕೊಂಡಳು. ದಂಡನಾಯಕ ಬಂದು ನಿಂತ. ನೆಲ ನೋಡಿದ. ಕೆಮ್ಮಿದ. ಈ ಸಲ ಯಾರೂ ಗುಂಡಿ ಒತ್ತಲಿಲ್ಲ.

"ಪ್ರಭುವೇ, ಉತ್ತರದ ಕೋಟೆಯಲ್ಲಿ ಕಾವಲಿರುವ ನನ್ನ ಜನ ಚಳಿಗೆ ನಡುಗುತ್ತಿದ್ದಾರೆ. ಬಾಗಿಲು ಮುರಿದು ಬಿದ್ದಿದೆ. ಹತ್ತು ಹಲಗೆ ಸಾಕು."

ಮುಂದಿನ ಸರದಿಗೆ ಮತ್ತೆ ಬಂದ. "ಪ್ರಭುವೇ, ಹಲಗೆಯ ವಿಷಯ." ಅದರ ಮುಂದಿನ ಸರದಿಗೂ ಬಂದ. ಮುಹ್ಸಿನಾ ತಂದೆ ಆಡಿದ ಹಾಗೆಯೇ ಆಡುತ್ತಾ ಹೋದಳು. ಹಲಗೆ ಕೊಡಲಿಲ್ಲ, ಮಹಾದ್ವಾರ ಕಟ್ಟಿದಳು. ಕೊನೆಗೆ ದಂಡಯಾತ್ರೆಯ ಹಿಂದಿನ ದಿನ ದಂಡನಾಯಕ ಹೇಳಿದ: "ನೀವು ಕೇಳಿಸಿಕೊಳ್ಳುತ್ತಿಲ್ಲವೆಂದು ನನಗೆ ಗೊತ್ತಿದೆ, ಪ್ರಭುವೇ. ಆದರೂ ಇಷ್ಟು ದಿನ ಹೇಳಿದೆ. ಇನ್ನು ಹೇಳುವುದಿಲ್ಲ."

ಆಟದ ಉದ್ದಕ್ಕೂ ನೆಟ್ಟಗಿದ್ದದ್ದು ಈ ದಂಡನಾಯಕನ ಕನ್ನಡ ಒಂದೇ.

"ದೋಷ ಇಲ್ಲ ಉಪ್ಪ," ಎಂದಳು ಮುಹ್ಸಿನಾ. "ಆಟ ಸರಿಯೇ ಉಂಟು."

ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಾಗಿದ್ದ ಹಾಜಿಯವರು ಆಗ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದರು. ಮೆಟ್ಟಿಲಿಳಿದು ಕೆಳಗೆ ಹೋದರು. ಝೈನಬ ಹಿತ್ತಲ ಬಾಗಿಲಲ್ಲಿ ಕುಳಿತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಅವರ ಪಕ್ಕ ಸ್ವಲ್ಪ ಹೊತ್ತು ನಿಂತು, ಸೊಪ್ಪಿನ ವಿಷಯದಲ್ಲಿ ಯಾವ ಮಾರ್ಗದರ್ಶನವನ್ನೂ ಮಾಡದೆ, ಕೇಳಿದರು: "ಗೌರೀಶಂಕರರು ಯಾರಿಗೆ ಓಟು ಹಾಕಿದ್ದು?"

"ಅದು ಸುಳ್ಯದಲ್ಲಿ ಗೊತ್ತಿಲ್ಲದ್ದು ನಿಮಗೊಬ್ಬರಿಗೆ," ಎಂದರು ಝೈನಬ ತಲೆಯೆತ್ತದೆ.

ಮರುದಿನ ಬೆಳಿಗ್ಗೆ ಹಾಜಿಯವರು ಬಿಳಿ ಶರ್ಟು ತೊಟ್ಟು, ಬಿಳಿ ಮುಂಡು ಉಟ್ಟು ಪೇಟೆಗೆ ಹೊರಟರು. ಗೌರೀಶಂಕರರ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವರು ಗಾಜಿನ ಕಪಾಟಿನ ಹಿಂದೆ ಕುಳಿತು ಪೆನ್ಸಿಲ್ ಪೆಟ್ಟಿಗೆಗಳ ಧೂಳು ಒರೆಸುತ್ತಿದ್ದರು. ಹಾಜಿಯವರನ್ನು ಕಂಡು ಎದ್ದು ನಿಂತರು. ಹಾಜಿಯವರು ಸ್ಟೂಲಿನ ಮೇಲೆ ಕುಳಿತು ಬಳಸಿ ಮಾತಾಡದೆ ನೇರವಾಗಿ ಕೇಳಿದರು.

"ಶಂಕರಣ್ಣ, ನೀವು ನನಗೆ ಓಟು ಹಾಕ್ಲಿಲ್ಲ ಅಲ್ವಾ?"

ಗೌರೀಶಂಕರರು ನೆಲ ನೋಡುತ್ತಾ ಕನ್ನಡಕ ತೆಗೆದು ಒರೆಸಿದರು. ಅವರು ಪ್ರತಿ ಮಾತಿಗೂ ಮೊದಲು ಹಾಗೆ ಮಾಡುವವರು. ಹದಿನಾರು ವರ್ಷ ಹಾಜಿಯವರು ಅವರನ್ನು ದಾಟಿ ಮುಂದೆ ಹೋಗುತ್ತಿದ್ದದ್ದು ಸರಿಯಾಗಿ ಆ ಒರೆಸುವ ಹೊತ್ತಿನಲ್ಲಿ.

"ಹಾಕ್ಲಿಲ್ಲ ಹಾಜಿಯವರೇ."

"ಯಾಕೆ?"

"ಯಾಕೆ ಅಂದ್ರೆ..." ಎಂದು ಶುರುಮಾಡಿದ ಗೌರೀಶಂಕರರು ಅಲ್ಲಿಗೇ ನಿಂತು ಕಾದರು. ಹಾಜಿಯವರೂ ಕಾದರು. ನಡುವೆ ಬಾಯಿ ಹಾಕುವವರು ಬಾಯಿ ಹಾಕದೆ ಇದ್ದದ್ದರಿಂದ ಗೌರೀಶಂಕರರಿಗೆ ಮುಂದಿನ ಮಾತೇ ಮರೆತುಹೋಯಿತು. ಮಾತಿನಲ್ಲಿ ಇಷ್ಟು ದೂರ ಅವರು ಎಂದೂ ಬಂದಿರಲಿಲ್ಲ. ಮತ್ತೊಮ್ಮೆ ಕನ್ನಡಕ ಒರೆಸಿ ಹೇಳಿದರು:

"ನಮ್ಮ ಪೇಟೆಯ ಅಂಗಡಿಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ? ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ನಿಮ್ಮಲ್ಲಿ, ನನ್ನಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರ್ತಾರೆ. ಅವರಿಗೆ ಒಂದು ಶೌಚಾಲಯ ಇಲ್ಲ. ಹೋಗುದಾದ್ರೆ ಬಸ್ ಸ್ಟ್ಯಾಂಡಿಗೆ ಇಳಿದು ಹೋಗ್ಬೇಕು, ಅಂಗಡಿಯವರು ಮುಖ ಗಂಟು ಹಾಕ್ತಾರೆ. ನನ್ನ ಮಗಳು ಗಾನಶ್ರೀ ಪುತ್ತೂರಲ್ಲಿ ಡಾಕ್ಟ್ರ ಹತ್ರ ಕೆಲಸಕ್ಕಿದ್ದಾಳೆ ಅಲ್ವಾ, ಅವಳು ಹೇಳಿದ್ದು. ಸುಳ್ಯದ ಅಂಗಡಿ ಹುಡುಗಿಯರು ಬರ್ತಾರಂತೆ, ಉರಿ ಅಂತ, ಸೊಂಟ ನೋವು ಅಂತ. ನೀರು ಕುಡಿಯುದಿಲ್ಲ ಅವರು. ನಾನು ಎಷ್ಟು ಸಭೆಯಲ್ಲಿ ಎದ್ದು ನಿಂತೆ ಹೇಳಿ. ‘ನಮ್ಮ ಪೇಟೆಯ ಹೆಣ್ಣುಮಕ್ಕಳು’ ಅಂತ ಹೇಳುವಷ್ಟರಲ್ಲಿ ನೀವು ‘ಅದನ್ನು ಮುಂದಿನ ಸಭೆಯಲ್ಲಿ ನೋಡುವ, ಈಗ ಸ್ವಾಗತ ಕಮಾನಿನ ವಿಷಯ’ ಅಂತ."

ಕಮಾನು ನಿಜವಾಗಿಯೂ ಆಗಿತ್ತು. ಪೇಟೆಯ ಬಾಯಲ್ಲಿ, ಲಾರಿಗಳು ಪ್ರತಿ ತಿಂಗಳೂ ಒಮ್ಮೆ ಉಜ್ಜಿಕೊಂಡು ಹೋಗುವಷ್ಟು ಎತ್ತರದಲ್ಲಿ, ಈಗಲೂ ಇದೆ.

ಹಾಜಿಯವರು ಒಂದು ಪೆನ್ಸಿಲ್ ಪೆಟ್ಟಿಗೆ ತೆಗೆದು ತಿರುಗಿಸಿ ನೋಡಿ ಕೆಳಗಿಟ್ಟರು. ಆಮೇಲೆ ಕೇಳಿದರು: "ಹಕೀಮ ಮಾಡ್ತೇನೆ ಅಂದನಾ?"

"ಅಂದ. ಗೆದ್ದ ಮೊದಲ ತಿಂಗಳಲ್ಲೇ ಮಾಡ್ತೇನೆ ಅಂದ."

"ಮಾಡಿದನಾ?"

ಗೌರೀಶಂಕರರು ಆಗಲೇ ಹೊಳೆಯುತ್ತಿದ್ದ ಕನ್ನಡಕವನ್ನು ಮತ್ತೆ ಒರೆಸಿದರು. "ಮುಂದಿನ ಸಭೆಯಲ್ಲಿ ನೋಡುವ ಅಂದಿದ್ದಾನೆ."

ಹಾಜಿಯವರಿಗೆ ಆದ ಆನಂದವನ್ನು ಮುಚ್ಚಿಡುವುದು ತರವಲ್ಲ. ಸೋತ ಮೇಲೆ ಅವರು ಕೇಳಿದ ಅತ್ಯಂತ ಸಿಹಿ ಸುದ್ದಿ ಅದು. ತನ್ನನ್ನು ಬಿಟ್ಟು ಹೋದವರು ತನಗಿಂತ ಒಳ್ಳೆಯವರನ್ನು ಕಟ್ಟಿಕೊಂಡಿಲ್ಲ ಎಂದು ತಿಳಿದಾಗ ಮನುಷ್ಯನಿಗೆ ಹಸಿವು ಹೆಚ್ಚುತ್ತದೆ. "ಇದಕ್ಕೋಸ್ಕರ ನನ್ನನ್ನು ಬಿಟ್ಟಿರಾ ಶಂಕರಣ್ಣ!" ಎಂದು ತೊಡೆ ತಟ್ಟಿ ನಕ್ಕರು. ಗೌರೀಶಂಕರರು ನಗಲಿಲ್ಲ. ನಗದ ಮುಖವನ್ನು ನೋಡಿ ಹಾಜಿಯವರ ನಗುವೂ ಅರ್ಧಕ್ಕೆ ನಿಂತಿತು.

ಅಲ್ಲಿಂದ ಎದ್ದು ತಮ್ಮ ಅಂಗಡಿಗೆ ಹೋದರು. ರಿಯಾಝ್ ಬ್ಯಾಂಕಿಗೆ ಹೋಗಿದ್ದ. ಚಪ್ಪಲಿ ವಿಭಾಗದಲ್ಲಿ ರಮ್ಯಶ್ರೀ ಒಬ್ಬಳೇ ಇದ್ದಳು. ಐವರ್ನಾಡಿನಿಂದ ಬರುವ ಹುಡುಗಿ, ಈ ಅಂಗಡಿಗೆ ಸೇರಿ ಮೂರು ವರ್ಷ. ಹಾಜಿಯವರಿಗೆ ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಕೊಡೆಗಳನ್ನು ಎಣಿಸುವವರ ಹಾಗೆ ಆಚೀಚೆ ನಡೆದಾಡಿ ಕೊನೆಗೆ ಕೇಳಿದರು: "ನೀನು ನೀರು ಕುಡಿತೀಯಾ?"

ರಮ್ಯಶ್ರೀ ಗಾಬರಿಯಾದಳು. ಏನು ತಪ್ಪಾಯಿತೋ ಎಂದು ಸುತ್ತ ನೋಡಿ ಹೇಳಿದಳು: "ಕುಡಿತೇನೆ ಹಾಜಿಯವರೇ. ಸಂಜೆ ಮನೆಗೆ ಹೋಗಿ."

ಅಂಗಡಿಯ ಹಿಂಭಾಗದಲ್ಲಿ, ಗೋದಾಮಿನ ಪಕ್ಕ, ಬಿಳಿ ಟೈಲ್ಸ್ ಹಾಕಿದ ಚಂದದೊಂದು ಶೌಚಾಲಯ ಇತ್ತು. ಅದರ ಬೀಗದ ಕೈ ಹಾಜಿಯವರ ಸೊಂಟದ ಬೆಲ್ಟಿನಲ್ಲಿತ್ತು. ಅಧ್ಯಕ್ಷರಾಗಿದ್ದಾಗ ಅವರೂ, ಅವರನ್ನು ಕಾಣಲು ಬರುವ ಗಣ್ಯರೂ ಅದನ್ನು ಬಳಸುತ್ತಿದ್ದರು. ಗಣ್ಯರು ಬರುವುದು ನಿಂತ ಮೇಲೆ ಜೇಡ ಬಲೆ ಕಟ್ಟಿತ್ತು.

ಇಲ್ಲಿ ಹಾಜಿಯವರ ಮನಸ್ಸು ಕರಗಿತು ಎಂದು ಹೇಳಿದರೆ ಸುಳ್ಳಾಗುವುದಿಲ್ಲ. ಆದರೆ ಕರಗಿದ ಮನಸ್ಸಿನ ಜೊತೆಗೆ, ಅದರ ಮೇಲೆಯೇ ಕುಳಿತುಕೊಂಡು, ಇನ್ನೊಂದು ಆಸೆಯೂ ಇತ್ತು: ಹಕೀಮನ ಮುಖವನ್ನು ತುಂಬಿದ ಸಭೆಯಲ್ಲಿ ಒಮ್ಮೆ ನೋಡಬೇಕು.

ಆ ತಿಂಗಳ ಸಭೆಗೆ ಹಾಜಿಯವರು ಹೋದರು. ಮುಂದಿನ ಸಾಲಿನಲ್ಲಿ ಯಾರೂ ಎದ್ದು ಜಾಗ ಕೊಡಲಿಲ್ಲವಾದ್ದರಿಂದ ಹಿಂದೆ ಕುಳಿತರು. ಅಧ್ಯಕ್ಷ ಹಕೀಮ ಮಳೆಗಾಲಕ್ಕೆ ಮುಂಚೆ ಕಮಾನಿಗೆ ಹೊಸ ಬಣ್ಣ ಹೊಡೆಸುವ ವಿಷಯ ವಿವರಿಸುತ್ತಿದ್ದ. ಹಾಜಿಯವರು ಎದ್ದು ನಿಂತು "ನಮ್ಮ ಪೇಟೆಯ ಹೆಣ್ಣುಮಕ್ಕಳು" ಎಂದರು.

"ಹಾಜಿಯವರೇ, ಅದನ್ನು ಮುಂದಿನ ಸಭೆಯಲ್ಲಿ ನೋಡುವ," ಎಂದ ಹಕೀಮ ನಗುತ್ತಾ. "ಈಗ ಬಣ್ಣದ್ದು ಒಂದು ಮುಗಿಸುವ."

ಹಾಜಿಯವರ ಬಾಯಿ ತೆರೆದದ್ದು ಹಾಗೆಯೇ ನಿಂತಿತು. ಹದಿನಾರು ವರ್ಷ ಬೇರೆಯವರಿಗೆ ಕೊಟ್ಟ ಮದ್ದು ಎಷ್ಟು ಕಹಿಯೆಂದು ಅವರಿಗೆ ಗೊತ್ತಾದದ್ದು ಆಗ. ಕುಳಿತುಕೊಳ್ಳಲು ಹೊರಟಿದ್ದರು. ಅಷ್ಟರಲ್ಲಿ ಮೂರನೆಯ ಸಾಲಿನಿಂದ ಗೌರೀಶಂಕರರು, ಕನ್ನಡಕ ಒರೆಸದೆಯೇ, ಎದ್ದರು.

"ಅಧ್ಯಕ್ಷರೇ, ಅವರು ಮಾತು ಮುಗಿಸ್ಲಿ."

ಗೌರೀಶಂಕರರ ದನಿ ಅಷ್ಟು ದೊಡ್ಡದಿದೆಯೆಂದು ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿದ್ದಂತಿರಲಿಲ್ಲ. ಹಕೀಮ ಕುಳಿತ.

ಹಾಜಿಯವರು ಮಾತು ಮುಗಿಸಿದರು. ತಮ್ಮ ಅಂಗಡಿಯ ಹಿಂದಿನ ಶೌಚಾಲಯವನ್ನು ನಾಳೆಯಿಂದ ಪೇಟೆಯ ಎಲ್ಲ ಹೆಣ್ಣುಮಕ್ಕಳಿಗೂ ಬಿಟ್ಟುಕೊಡುವುದಾಗಿ, ಹಿಂಬದಿಯ ಓಣಿಯಿಂದ ಬಾಗಿಲು ಮಾಡಿಸುವುದಾಗಿ, ಬಳಗವೂ ಸೇರಿಕೊಂಡರೆ ಪಕ್ಕದಲ್ಲಿ ಇನ್ನೊಂದು ಕಟ್ಟಬಹುದೆಂದು ಹೇಳಿದರು. ವಿಷಯ ತಂದವರು ಶಂಕರಣ್ಣ, ತಾನಲ್ಲ ಎಂದೂ ಹೇಳಿದರು. ಚಪ್ಪಾಳೆ ಬಿತ್ತು. ಈ ಸಲ ಬಾಗಿಲ ಕಡೆ ನೋಡದೆ ತಟ್ಟಿದ ಚಪ್ಪಾಳೆ. ಹಕೀಮನ ಮುಖ ಮಾತ್ರ ಹಾಜಿಯವರು ಬಯಸಿದಷ್ಟು ಬಾಡಲಿಲ್ಲ. ಅವನು ಸಂತೋಷದಿಂದ ಎದ್ದು ಬಂದು ಕೈ ಕುಲುಕಿ, ತನ್ನ ಬೇಕರಿಯ ಮೂರು ಹುಡುಗಿಯರ ತಾಪತ್ರಯ ತಪ್ಪಿತು ಎಂದುಬಿಟ್ಟ. ಹಾಜಿಯವರಿಗೆ ಅದೊಂದು ನಿರಾಸೆ ಉಳಿಯಿತು.

ಇತ್ತ ಮುಹ್ಸಿನಾ ತಂದೆಯ ಅನಿಸಿಕೆಗಳನ್ನೆಲ್ಲ ಕಂಪನಿಗೆ ಕಳಿಸಿದಳು. ಕಂಪನಿಯವರು ಬಹಳ ಮೆಚ್ಚಿದರು. ಶುಲ್ಕ ಹೋಗಿ ನುಗ್ಗುವುದು ಬಂತು, ಗಣಿ ಗಣಿಯಾಯಿತು, ತಿರುವು ಸಂಪಾಜೆಗೆ ಹಿಂತಿರುಗಿ, ಅದರ ಜಾಗಕ್ಕೆ ಸರದಿ ಬಂತು. ಹಾಜಿಯವರು ಇನ್ನೊಂದು ಆಟಕ್ಕೆ ಸಿದ್ಧರಾಗಿ ಕುಳಿತರು. ಆದರೆ ಮೊದಲ ಅನಿಸಿಕೆ ಎಂಬುದು ಒಬ್ಬರಿಗೆ ಒಂದೇ ಸಲವಂತೆ. ಈಗ ಅವರು ಅನುಭವಿ ಆಟಗಾರರಾದ್ದರಿಂದ ಅವರ ಸೇವೆ ಬೇಕಾಗಿಲ್ಲವಂತೆ.

"ಅಲ್ಲಿಂದಲೂ ತೆಗೆದ್ರಾ?" ಎಂದರು ಝೈನಬ ಅನ್ನ ಬಡಿಸುತ್ತಾ. "ಅಲ್ಲಿ ಯಾರು ನಿಂತದ್ದು, ಹಕೀಮನಾ?"

ಶೌಚಾಲಯಕ್ಕೆ ಬಾಗಿಲಾಯಿತು, ಚಿಲಕವಾಯಿತು. ಹಾಜಿಯವರು ಬೋರ್ಡು ಬರೆಯುವವನನ್ನು ಕರೆಸಿ, ನೀಲಿಯ ಮೇಲೆ ಬಿಳಿ ಅಕ್ಷರದಲ್ಲಿ ‘ಆದಂ ಕುಂಞಿ ಹಾಜಿ ಮಹಿಳಾ ಶೌಚಾಲಯ’ ಎಂದು ಬರೆಸಿದರು. ಅವರ ಹೆಸರು ಎಲ್ಲಕ್ಕಿಂತ ದೊಡ್ಡದಾಗಿತ್ತು. ರಮ್ಯಶ್ರೀ ಅದನ್ನು ಬಹಳ ಹೊತ್ತು ನೋಡಿದಳು.

"ಅಕ್ಷರ ಚಂದ ಬಂದಿದೆ ಹಾಜಿಯವರೇ," ಎಂದಳು ವಿನಯದಿಂದ. "ಆದ್ರೆ ಇನ್ನು ಪೇಟೆಯ ಹುಡುಗಿಯರೆಲ್ಲ ‘ಒಮ್ಮೆ ಆದಂ ಹಾಜಿಗೆ ಹೋಗಿ ಬರ್ತೇನೆ’ ಅಂತ ಹೇಳುದಾ?"

ಬೋರ್ಡಿನವ ಇನ್ನೂ ಬೈಕು ಹತ್ತಿರಲಿಲ್ಲ. ಹಾಜಿಯವರು ಅವನನ್ನು ಕೂಗಿ ಕರೆದು, ಬಣ್ಣ ಒಣಗುವ ಮೊದಲೇ ಎಲ್ಲವನ್ನೂ ಅಳಿಸಿ ‘ಮಹಿಳೆಯರಿಗೆ’ ಎಂಬ ಒಂದು ಪದವನ್ನಷ್ಟೇ ಬರೆಸಿದರು.

ಮೊದಲ ದಿನ ಮಧ್ಯಾಹ್ನಕ್ಕೇ ಟ್ಯಾಂಕಿಯ ನೀರು ಖಾಲಿಯಾಯಿತು. ಒಬ್ಬ ಅಧ್ಯಕ್ಷರ ಲೆಕ್ಕಕ್ಕೆ ಇಟ್ಟಿದ್ದ ಟ್ಯಾಂಕಿ ಒಂದು ಪೇಟೆಗೆ ಎಲ್ಲಿಂದ ಸಾಲುತ್ತದೆ? ಹಾಜಿಯವರು ಪ್ಲಂಬರ್ ಕೀರ್ತನ್‌ನನ್ನು ಕರೆದುಕೊಂಡು ಟೆರೇಸ್ ಹತ್ತಿದರು. ಬಿಸಿ ತಾರಸಿಯ ಮೇಲೆ ಪೈಪಿನ ತುಂಡು ಹಿಡಿದು ನಿಂತ ಕೀರ್ತನ್, "ಎಷ್ಟು ದೊಡ್ಡದು ಬೇಕು ಹಾಜಿಯವರೇ? ಐನೂರು ಸಾಕಾ?" ಎಂದು ಕೇಳಿದ.

ಹಾಜಿಯವರು "ಸಾಕು" ಎನ್ನಲು ಬಾಯಿ ತೆರೆದವರು, ಏನನ್ನಿಸಿತೋ, ಮೆಟ್ಟಿಲ ಬಳಿ ಹೋಗಿ ಬಗ್ಗಿ "ರಮ್ಯಾ, ಒಮ್ಮೆ ಮೇಲೆ ಬಾ" ಎಂದು ಕರೆದರು. ಎಷ್ಟು ನೀರು ಬೇಕು ಎಂದು ಅವಳನ್ನು ಕೇಳಿದರು.

ಮೂರು ವರ್ಷದಿಂದ ಯಾರೂ ಏನೂ ಕೇಳದಿದ್ದ ಹುಡುಗಿ ಅವಳು. ಸಾವಿರ ಲೀಟರಿನದ್ದಾದರೂ ಬೇಕು ಎಂದಳು. ನಲ್ಲಿ ಬಹಳ ಮೇಲಿದೆ, ಬಕೆಟ್ ತುಂಬುವಾಗ ನೀರೆಲ್ಲ ಕಾಲಿಗೆ ಹಾರುತ್ತದೆ ಎಂದಳು. ಒಳಗೆ ಲೈಟಿಲ್ಲ, ಬ್ಯಾಗ್ ನೇತುಹಾಕಲು ಮೊಳೆಯಿಲ್ಲ, ಮುಚ್ಚಳವಿರುವ ಕಸದ ಡಬ್ಬಿ ಬೇಕೇಬೇಕು, ಅದು ಯಾಕೆ ಬೇಕೆಂದು ಹಾಜಿಯವರು ಕೇಳಬಾರದು ಎಂದಳು. ಓಣಿಯಲ್ಲಿ ಬೈಕು ನಿಲ್ಲಿಸಿಕೊಂಡು ಮಾತಾಡುವ ಗಂಡಸರನ್ನು ಅಲ್ಲಿಂದ ಎಬ್ಬಿಸಬೇಕು ಎಂದಳು. ಚಿಲಕ ಒಳ್ಳೆಯದಿದೆ, ಆದರೆ ಕಿಟಕಿಯ ಗಾಜು ಒಡೆದಿದೆ ಎಂದಳು.

ಕೇಳಿ ತಿಳಿದುಕೊಳ್ಳುವ ಚಟ ಎಷ್ಟು ಕಷ್ಟದ್ದೆಂದು ಹಾಜಿಯವರಿಗೆ ಆ ಬಿಸಿಲಿನಲ್ಲಿ ಚೆನ್ನಾಗಿ ಮನದಟ್ಟಾಯಿತು. ಬೋಳುತಲೆ ಸುಡುತ್ತಿತ್ತು. ಕೀರ್ತನ್ ಆಗಲೇ ನೀರಿನ ಟ್ಯಾಂಕಿಯ ನೆರಳಿಗೆ ಸರಿದಿದ್ದ. ಹಾಜಿಯವರು ಕರವಸ್ತ್ರವನ್ನು ಬಿಡಿಸಿ ತಲೆಯ ಮೇಲೆ ಹಾಕಿಕೊಂಡು, ಅಲ್ಲಿಯೇ ನಿಂತು, "ಮತ್ತೆ?" ಎಂದರು.

"ಮತ್ತೆ, ಸೋಪು," ಎಂದಳು ರಮ್ಯಶ್ರೀ.